ಅದೇ ಕಲ್ಲು, ಬೇರೆ ಪ್ರಶ್ನೆ: ಕನ್ನಡ ಭಾಷಾ ಸಂಶೋಧನ ಬರಹದಲ್ಲಿ ಹೊಸ ನೋಟದ ಚರಿತ್ರೆ

ಕಮತಗಿಯ ನೇಕಾರರ ಪದಸಂಪತ್ತನ್ನು ಕುರಿತು ನಾವು ಬರೆದ ಒಂದು ಲೇಖನ ಕೆಲವು ವರ್ಷಗಳ ಹಿಂದೆ ಪ್ರಕಟಣೆಗೆ ಅರ್ಹವಲ್ಲವೆಂದು ಮರಳಿ ಬಂದಿತು. ಲೇಖನದಲ್ಲಿ ತಪ್ಪುಗಳೇನೂ ಇರಲಿಲ್ಲ. ಮಗ್ಗಕ್ಕೆ ಸಂಬಂಧಿಸಿದ ಪದಗಳನ್ನು ಅಕಾರಾದಿಯಾಗಿ ಜೋಡಿಸಿದ್ದೆವು. ಪ್ರತಿಯೊಂದಕ್ಕೂ ಧ್ವನಿಮಾತ್ಮಕ ಲಿಪ್ಯಂತರಣ, ವ್ಯಾಕರಣ ವರ್ಗ, ಶಿಷ್ಟ ಕನ್ನಡದ ರೂಪ, ಅರ್ಥ ಎಲ್ಲವನ್ನೂ ಕೊಟ್ಟಿದ್ದೆವು. ಪರಿಶೀಲಕರು ಬರೆದ ಟಿಪ್ಪಣಿಯ ಸಾರಾಂಶ ಇಷ್ಟೇ: ಸಾಮಗ್ರಿ ಇದೆ, ಪ್ರಶ್ನೆ ಇಲ್ಲ. ಆ ಮಾತು ಕೆಲಕಾಲ ನೋಯಿಸಿತು. ಆಮೇಲೆ ಅದು ಸರಿಯಾದ ಮಾತು ಎಂಬುದು ಮನವರಿಕೆಯಾಯಿತು. ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ, ಕನ್ನಡದ ಭಾಷಾ ಸಂಶೋಧನೆಯಲ್ಲಿ ಹೊಸ ನೋಟವೆಂಬುದು ಈವರೆಗೆ ಯಾವ ದಾರಿಗಳಲ್ಲಿ ಬಂದಿದೆ ಎಂಬುದನ್ನು ಕಮತಗಿಯ ಸುತ್ತಣ ನೆಲವನ್ನೇ ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನೆಲವನ್ನು ಆರಿಸಿಕೊಂಡದ್ದಕ್ಕೆ ಊರಿನ ಮೇಲಿನ ಅಭಿಮಾನವೊಂದೇ ಕಾರಣವಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಕಲ್ಲುಗಳ ಮೇಲೆ ನಡೆದಷ್ಟು ವಿಧವಾದ ಓದು ಕನ್ನಡ ನಾಡಿನ ಬೇರೆ ಕಡೆಗಳಲ್ಲಿ ನಡೆದಿರುವುದು ವಿರಳ.

ಮೊದಲಿಗೆ ಒಂದು ಪದದ ಬಗ್ಗೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಾವ್ಯ, ಕಥೆ, ನಾಟಕಗಳನ್ನು ‘ಸೃಜನಶೀಲ’ ಎಂದೂ ಸಂಶೋಧನೆ, ವಿಮರ್ಶೆ, ವ್ಯಾಕರಣಗಳನ್ನು ‘ಸೃಜನೇತರ’ ಎಂದೂ ಕರೆಯುವ ರೂಢಿಯಿದೆ. ಪ್ರಶಸ್ತಿಗಳ ವಿಭಾಗಗಳೂ ಗ್ರಂಥಾಲಯದ ಪಟ್ಟಿಗಳೂ ಈ ಹೆಸರನ್ನೇ ಒಪ್ಪಿಕೊಂಡಿವೆ. ಒಂದು ಬಗೆಯ ಬರಹವನ್ನು ‘ಅದಲ್ಲದ್ದು’ ಎಂದು ನಿಷೇಧರೂಪದಿಂದಲೇ ಗುರುತಿಸಿದ ಮೇಲೆ ಅದನ್ನು ಬರೆಯುವವರೂ ಕಲ್ಪಕತೆಯ ಹೊಣೆ ತಮ್ಮದಲ್ಲವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ‘ಒಂದು ಅಧ್ಯಯನ’ ಎಂಬ ಬಾಲ ಹೊತ್ತ ನೂರಾರು ಮಹಾಪ್ರಬಂಧಗಳು ನಮ್ಮ ಕಪಾಟುಗಳಲ್ಲಿವೆ. ಆ ಬಾಲವನ್ನು ಕತ್ತರಿಸಿದರೆ ಉಳಿಯುವುದು ವಿಷಯದ ಹೆಸರು ಮಾತ್ರ. 2018ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿ, ಶೇಕಡಾ 10ರವರೆಗಿನ ಹೋಲಿಕೆಯನ್ನು ದಂಡವಿಲ್ಲದ ಹಂತವೆಂದು ಗುರುತಿಸಿತು. ನಿಯಮ ಅಗತ್ಯವಾದುದೇ. ಆದರೆ ತಂತ್ರಾಂಶ ಅಳೆಯುವುದು ಹೋಲಿಕೆಯನ್ನು; ಯಾರ ಬರಹವನ್ನೂ ಹೋಲದೆಯೂ ಹೊಸತೇನನ್ನೂ ಹೇಳದ ಲೇಖನವನ್ನು ಬರೆಯಬಹುದು. ನಮ್ಮ ಮರಳಿ ಬಂದ ಲೇಖನವೇ ಅದಕ್ಕೆ ನಿದರ್ಶನ.

ಬಂಡೆಯ ಹತ್ತು ಸಾಲು

ಬಾದಾಮಿಯ ತಟ್ಟುಕೋಟೆಯ ಬಳಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನವಿದೆ. ಹತ್ತು ಸಾಲಿನ ಈ ಬರಹವನ್ನು ಜೆ. ಎಫ್. ಫ್ಲೀಟ್ 1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪಾಠ ಮತ್ತು ಅನುವಾದಗಳೊಡನೆ ಪ್ರಕಟಿಸಿದರು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಫ್ಲೀಟರಿಗೆ ಶಾಸನವೆಂದರೆ ಮುಖ್ಯವಾಗಿ ರಾಜವಂಶಗಳ ಕಾಲನಿರ್ಣಯದ ಸಾಧನ. ಮರುವರ್ಷ ಅವರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. ಕಪ್ಪೆ ಅರಭಟ್ಟ ಯಾವ ವಂಶದ ಅರಸನೂ ಅಲ್ಲ. ಆದ್ದರಿಂದ ಆ ಬಗೆಯ ಚರಿತ್ರೆಯಲ್ಲಿ ಅವನಿಗೆ ದೊಡ್ಡ ಸ್ಥಾನವಿಲ್ಲ. ಕಲ್ಲು ಅಚ್ಚಾಯಿತು, ಅದರ ಅರ್ಥ ತಿಳಿಯಿತು, ಅಲ್ಲಿಗೆ ಕೆಲಸ ಮುಗಿದಂತೆ ಕಾಣಬಹುದಾಗಿತ್ತು.

ಮುಗಿಯಲಿಲ್ಲ. ಆ ಶಾಸನದ ಪದ್ಯಗಳಲ್ಲಿ ತ್ರಿಪದಿಗಳಿವೆ. ಕನ್ನಡದಲ್ಲಿ ದೊರೆತಿರುವ ತೀರ ಹಳೆಯ ತ್ರಿಪದಿಗಳು ಅವು. 1931ರಲ್ಲಿ, ಫ್ಲೀಟರ ಪ್ರಕಟಣೆಯಾದ ಸರಿಯಾಗಿ ಐವತ್ತು ವರ್ಷಗಳ ಮೇಲೆ, ಅಂದಿನ ವಿಜಾಪುರ ಜಿಲ್ಲೆಯ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಪದಗಳ ಮಟ್ಟು ಅದೇ ತ್ರಿಪದಿ. ಒಂದು ಕಲ್ಲಿನ ಮೇಲೆ ಕೊರೆದದ್ದು, ಇನ್ನೊಂದು ಕಲ್ಲಿನ ಮುಂದೆ ಹಾಡಿದ್ದು. ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ಕೂಡಲೇ ಬಂಡೆಯ ಬರಹ ಬೇರೆಯಾಗಿ ಕಾಣತೊಡಗುತ್ತದೆ. ಸಂಸ್ಕೃತದ ಅಕ್ಷರವೃತ್ತಗಳ ಜೊತೆಗೇ ಅಂಶಗಣದ ದೇಸಿ ಮಟ್ಟೊಂದು ಎಂಟನೆಯ ಶತಮಾನದ ಹೊತ್ತಿಗೇ ಅಕ್ಷರಸ್ಥರ ಕೈಗೆ ಬಂದಿತ್ತು, ಅಕ್ಷರವಿಲ್ಲದವರ ಬಾಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು ಎಂದು ಹೇಳುವುದು ಆಗ ಸಾಧ್ಯವಾಗುತ್ತದೆ. ಇಲ್ಲಿ ಹೊಸ ಶಾಸನ ಸಿಕ್ಕಿಲ್ಲ, ಹಳೆಯ ಓದನ್ನು ತಿದ್ದಿಲ್ಲ. ಆಧಾರವೆಂದು ಯಾರೂ ಎಣಿಸದಿದ್ದ ಒಂದನ್ನು ಆಧಾರಗಳ ಸಾಲಿಗೆ ಸೇರಿಸಿದ್ದೇ ಹೊಸತು.

ಫ್ಲೀಟರಿಗೂ ಈ ದಾರಿ ಪೂರ್ತಿ ಅಪರಿಚಿತವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1885ರಿಂದ ಅದೇ ಪತ್ರಿಕೆಯಲ್ಲಿ ಅವರು ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಎದ್ದು ನಿಂತ ಹಲಗಲಿ ಬೇಡರ ಲಾವಣಿಯೂ ಒಂದು. ತನ್ನ ಸರಕಾರದ ವಿರುದ್ಧ ಕಟ್ಟಿದ ಹಾಡನ್ನು ತಾಮ್ರಪಟಗಳ ಪಕ್ಕದಲ್ಲಿ ಅಚ್ಚು ಹಾಕಿಸಿದ ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತೆಂದು ನಾವು ಊಹಿಸಲು ಹೋಗುವುದಿಲ್ಲ. ಲಾವಣಿಯನ್ನು ಪಾಠ, ಅನುವಾದ, ಟಿಪ್ಪಣಿಗಳ ಅದೇ ಶಿಸ್ತಿನಲ್ಲಿ ಅವರು ಸಂಪಾದಿಸಿದ್ದು ಮಾತ್ರ ನಮ್ಮ ಮುಂದಿದೆ.

ಭಾಷಾಶಾಸ್ತ್ರದ ದೃಷ್ಟಿಯಿಂದ ಇನ್ನೂ ದೊಡ್ಡ ತಿರುವು ಬಂದದ್ದು 1941ರಲ್ಲಿ. ಆ ವರ್ಷ ಮೈಸೂರಿನಿಂದ ಎ. ಎನ್. ನರಸಿಂಹಯ್ಯನವರ ಪ್ರಾಚೀನತಮ ಕನ್ನಡ ಶಾಸನಗಳ ವ್ಯಾಕರಣ ಪ್ರಕಟವಾಯಿತು. ಅದು ಆರು ಮತ್ತು ಏಳನೆಯ ಶತಮಾನಗಳ ಶಾಸನಗಳ ಭಾಷೆಯನ್ನು ವಿವರಿಸಿತು. 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಜಿ. ಎಸ್. ಗಾಯಿಯವರ ಗ್ರಂಥ ಎಂಟರಿಂದ ಹತ್ತನೆಯ ಶತಮಾನದವರೆಗಿನ ಶಾಸನಗಳನ್ನು ಆಧರಿಸಿ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ಕಟ್ಟಿತು. ಅದಕ್ಕೆ ಮುಂಚೆ ಹಳಗನ್ನಡ ವ್ಯಾಕರಣವೆಂದರೆ ಹದಿಮೂರನೆಯ ಶತಮಾನದ ಕೇಶಿರಾಜನೇ ಪ್ರಮಾಣ. ಕೇಶಿರಾಜನಿಗೆ ಹಿಂದಿನ ಕವಿಗಳ ಪ್ರಯೋಗಗಳೇ ಪ್ರಮಾಣ. ದಾನ ಕೊಟ್ಟವನ, ಗಡಿ ಗುರುತಿಸಿದವನ, ಕಲ್ಲು ಕೊರೆದವನ ಭಾಷೆಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ನರಸಿಂಹಯ್ಯ ಮತ್ತು ಗಾಯಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಶಾಸನ ಏನನ್ನು ಹೇಳುತ್ತದೆ ಎನ್ನುವುದನ್ನು ಬದಿಗಿಟ್ಟು, ಹೇಗೆ ಹೇಳುತ್ತದೆ ಎಂದು ನೋಡಿದರೆ ಏನು ಕಾಣುತ್ತದೆ? ಕಾಲ ನಮೂದಾದ, ಸ್ಥಳ ಬಿಟ್ಟು ಕದಲದ ಪಠ್ಯಗಳಾದ್ದರಿಂದ ಪ್ರತಿಕಾರರ ತಿದ್ದುಪಡಿಯ ಭಯವಿಲ್ಲದೆ ಧ್ವನಿವ್ಯತ್ಯಾಸಗಳನ್ನು ಶತಮಾನದಿಂದ ಶತಮಾನಕ್ಕೆ ಹಿಂಬಾಲಿಸುವುದು ಸಾಧ್ಯವಾಯಿತು. ಇಂದು ಪದವಿ ತರಗತಿಯಲ್ಲಿ ಪಕಾರ ಹಕಾರವಾದ ಬಗೆಯನ್ನು ಹೇಳುವಾಗ ನಾವು ಹುನಗುಂದವನ್ನೇ ಉದಾಹರಿಸುತ್ತೇವೆ. ಶಾಸನಗಳಲ್ಲಿ ಅದು ಪೊನ್ನುಗುಂದ. ವಿದ್ಯಾರ್ಥಿಗಳು ದಿನವೂ ಬಸ್ಸಿನ ಹಲಗೆಯ ಮೇಲೆ ಓದುವ ಹೆಸರು ಅದು.

1966ರಲ್ಲಿ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಹೊರಬಂದಾಗ ಅವೇ ಕಲ್ಲುಗಳು ಮತ್ತೊಮ್ಮೆ ಬಾಯಿಬಿಟ್ಟವು. ವೀರಗಲ್ಲು, ಮಾಸ್ತಿಕಲ್ಲು, ಜನರ ನಂಬಿಕೆ, ಆಚರಣೆಗಳು ಈಗ ಮುನ್ನೆಲೆಗೆ ಬಂದವು. ಅದರ ಶೀರ್ಷಿಕೆಯಲ್ಲೂ ‘ಅಧ್ಯಯನ’ವೆಂಬ ಪದವಿದೆ ಎಂಬುದನ್ನು ನಾವು ಮರೆತಿಲ್ಲ; ಆದರೆ ಅಲ್ಲಿ ಅದರ ಹಿಂದಿನ ಪದ ದುಡಿಯುತ್ತಿದೆ.

ಎಡೆಗಳು, ಹೆಸರುಗಳು, ಆಸೆಗಳು

ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದ ಶಂ. ಬಾ. ಜೋಶಿಯವರಿಗೆ ಡಾಕ್ಟರೇಟ್ ಇರಲಿಲ್ಲ, ಸಂಶೋಧನ ವಿಭಾಗವೂ ಇರಲಿಲ್ಲ. ಊರುಗಳ ಹೆಸರುಗಳು ಜನವಸತಿಯ ಚರಿತ್ರೆಯನ್ನು ಹೊತ್ತಿವೆ ಎಂಬ ನಂಬಿಕೆಯಿಂದ ಅವರು ‘ಎಡೆಗಳು ಹೇಳುವ ಕಂನಾಡ ಕಥೆ’ಯನ್ನು ಬರೆದರು, ಮಹಾರಾಷ್ಟ್ರದೊಳಗಿನ ಸ್ಥಳನಾಮಗಳಲ್ಲಿ ಕನ್ನಡದ ಅಂಶಗಳನ್ನು ಹುಡುಕಿದರು. ಅವರ ಅನೇಕ ನಿರುಕ್ತಿಗಳನ್ನು ಇಂದಿನ ಭಾಷಾಶಾಸ್ತ್ರ ಒಪ್ಪುವುದು ಕಷ್ಟ. ಧ್ವನಿಸಾಮ್ಯ ಕಂಡಲ್ಲಿ ಸಂಬಂಧವನ್ನು ಸ್ಥಾಪಿಸುವ ಆತುರ ಅವರಲ್ಲಿತ್ತು. ಹಾಗಿದ್ದೂ ನಾವು ಅವರನ್ನು ಓದುತ್ತೇವೆ. ಭಾಷಿಕ ಗಡಿಯನ್ನು ಸಾಹಿತ್ಯಕೃತಿಗಳಿಂದಲ್ಲದೆ ಹಳ್ಳಿಗಳ ಹೆಸರಿನಿಂದ ಎಳೆಯಬಹುದೆಂಬ ಅವರ ಪ್ರಶ್ನೆ, ಅವರು ಕೊಟ್ಟ ಉತ್ತರಗಳಿಗಿಂತ ಹೆಚ್ಚು ಕಾಲ ಬಾಳಿದೆ. 1970ರಲ್ಲಿ ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಕಲ್ಪಕತೆಗೂ ಬರಿಯ ಊಹೆಗೂ ಇರುವ ಅಂತರ ಎಷ್ಟು ತೆಳುವಾದುದೆಂಬುದಕ್ಕೆ ಕಮತಗಿಯ ಹೆಸರೇ ಸಾಕು. ‘ಕಮತ’ವೆಂಬ ಪದ ಕಿವಿಗೆ ಬಿದ್ದೊಡನೆ ಒಡೆಯನು ತಾನೇ ಮಾಡಿಸುವ ಸಾಗುವಳಿ ನೆನಪಾಗುತ್ತದೆ, ‘ಕಮ್ಮಟ’ವೆಂದು ಓದಿದರೆ ನಾಣ್ಯ ಟಂಕಿಸುವ ಸಾಲೆ ಎದ್ದು ನಿಲ್ಲುತ್ತದೆ. ಕೊನೆಯ ‘ಗಿ’ಯಂತೂ ಇನ್ನಷ್ಟು ಆಸೆ ಹುಟ್ಟಿಸುತ್ತದೆ. ಈ ಭಾಗದ ಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ ಮನಿಯಾಗುತ್ತದೆ, ತೆನೆ ತೆನಿಯಾಗುತ್ತದೆ, ಹಾಸಿಗೆ ಹಾಸಿಗಿಯಾಗುತ್ತದೆ, ನೇಯ್ಗೆ ನೇಯ್ಗಿಯಾಗುತ್ತದೆ. ಊರಿನ ಹೆಸರಿನ ‘ಗಿ’ಯೂ ನೇಯ್ಗಿಯ ‘ಗಿ’ಯೂ ಒಂದೇ ಪ್ರತ್ಯಯವೆಂದು ಬರೆದುಬಿಟ್ಟರೆ ಲೇಖನ ಎಷ್ಟು ಸೊಗಸಾದೀತು! ಆದರೆ ಒಂದು ಧಾತುವಿಗೆ ಹತ್ತುವ ಪ್ರತ್ಯಯ, ಇನ್ನೊಂದು ಸ್ಥಳನಾಮದ ಕೊನೆ. ಧ್ವನಿ ಒಂದೆಂಬ ಮಾತ್ರಕ್ಕೆ ಮೂಲ ಒಂದಾಗದು. ಕಾಲ ತಿಳಿದ ಹಳೆಯ ಬರಹರೂಪವನ್ನು ಮುಂದಿಟ್ಟುಕೊಳ್ಳದೆ ಸ್ಥಳನಾಮವನ್ನು ಬಿಡಿಸಬಾರದು. ಪೊನ್ನುಗುಂದದ ವಿಷಯದಲ್ಲಿ ಕಲ್ಲು ನಮ್ಮನ್ನು ಕಾಪಾಡಿತು.

ಎಂ. ಎಂ. ಕಲಬುರ್ಗಿಯವರ ಬರಹದಲ್ಲಿ ಈ ಸಂಯಮ ಮತ್ತು ಆ ಧೈರ್ಯ ಎರಡೂ ಇದ್ದವು. ಶಾಸನ, ಹಸ್ತಪ್ರತಿ, ನಾಮವಿಜ್ಞಾನಗಳನ್ನು ಒಟ್ಟಿಗೆ ಹಿಡಿದ ‘ಮಾರ್ಗ’ ಸಂಪುಟಗಳ ಲೇಖನಗಳಲ್ಲಿ ಹಲವು ಕೆಲವೇ ಪುಟಗಳವು; ಒಂದು ಸಂದೇಹ, ಅದಕ್ಕೆ ಆಧಾರ, ಒಂದು ತೀರ್ಮಾನ, ಅಷ್ಟೇ. ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅದಕ್ಕೂ ಮುಂಚೆ, ಮೊದಲ ಸಂಪುಟದ ಕೆಲವು ತೀರ್ಮಾನಗಳನ್ನು ಒತ್ತಡದಿಂದ ಅವರು ಹಿಂತೆಗೆದುಕೊಳ್ಳಬೇಕಾಗಿ ಬಂದಿತ್ತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಹೊಸ ನೋಟದ ಬಗ್ಗೆ ಕಾರ್ಯಾಗಾರಗಳಲ್ಲಿ ಹಗುರವಾಗಿ ಮಾತಾಡುವಾಗ ನಮಗೆ ಈ ತಾರೀಖು ನೆನಪಾಗುತ್ತದೆ.

ಯಾವ ಭಾಷೆಯಲ್ಲಿ ಬರೆಯುವುದು

ಈ ಪತ್ರಿಕೆ ಎರಡು ಭಾಷೆಗಳದು. ಇದರ ಓದುಗರಿಗೆ ಈ ಪ್ರಶ್ನೆಯ ವಯಸ್ಸನ್ನು ನೆನಪಿಸುವುದು ಅನುಚಿತವಲ್ಲ. ಕೇಶಿರಾಜ ಕನ್ನಡದ ವ್ಯಾಕರಣವನ್ನು ಕನ್ನಡದ ಕಂದಪದ್ಯಗಳಲ್ಲೇ ಬರೆದ. ಭಟ್ಟಾಕಳಂಕ 1604ರಲ್ಲಿ ಅದೇ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ. ಆಗ ಪಂಡಿತಲೋಕದ ಮನ್ನಣೆ ಸಂಸ್ಕೃತದಲ್ಲಿತ್ತು. ಇಂದು ಬಡ್ತಿಯ ಅಂಕ ಇಂಗ್ಲಿಷಿನಲ್ಲಿ ಹೆಚ್ಚು ಸುಲಭವಾಗಿ ಕೂಡುತ್ತದೆ. ಭಟ್ಟಾಕಳಂಕನ ವಿದ್ವತ್ತನ್ನು ನಾವು ಕಡಿಮೆಯೆನ್ನುವುದಿಲ್ಲ. ಆದರೆ ಕನ್ನಡ ಕಲಿತವನೊಬ್ಬ ತನ್ನ ಭಾಷೆಯ ವ್ಯಾಕರಣ ತಿಳಿಯಲು ಇನ್ನೊಂದು ಭಾಷೆಯ ಬಾಗಿಲು ತಟ್ಟಬೇಕಾಯಿತು ಎಂಬುದಂತೂ ನಿಜ.

ಡಿ. ಎನ್. ಶಂಕರ ಭಟ್ಟರು ಈ ಬಾಗಿಲನ್ನೇ ಬದಲಿಸಿದವರು. ಇಂಗ್ಲಿಷಿನಲ್ಲಿ ಅವರು ಬರೆದ ಗುಣಪದಗಳು, ಸರ್ವನಾಮಗಳು, ಕಾಲ-ಸ್ಥಿತಿ-ಅರ್ಥಗಳ ಪ್ರಾಧಾನ್ಯ ಕುರಿತ ಗ್ರಂಥಗಳು ಪ್ರಪಂಚದ ಭಾಷೆಗಳ ತುಲನೆಗೆ ಸೇರಿದವು. ಅದೇ ವಿದ್ವಾಂಸರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿ, ಸಂಸ್ಕೃತದ ಅಚ್ಚಿನಲ್ಲಿ ಎರಕವಾದ ಶಾಲಾ ವ್ಯಾಕರಣವನ್ನು ಪ್ರಶ್ನಿಸಿದರು. ಹೆಸರುಪದ, ಎಸಕಪದ, ಪರಿಚೆಪದ ಎಂಬ ಹೊಸ ಪರಿಭಾಷೆಯನ್ನು ಬಳಸಿದರು. ಬರಹದಲ್ಲಿ ಮಹಾಪ್ರಾಣಗಳನ್ನು ಕೈಬಿಟ್ಟರು. ಆ ಲಿಪಿಸುಧಾರಣೆಯನ್ನು ನಾವು ಅನುಸರಿಸಿಲ್ಲವೆಂಬುದು ಈ ಪುಟದಿಂದಲೇ ಸ್ಪಷ್ಟ. ನಮ್ಮ ಒಪ್ಪಿಗೆ ಬೇರೊಂದು ಕಾರಣಕ್ಕೆ. ‘ಕ್ರಿಯಾಪದ’ವೆಂದು ಬರೆಯುವಾಗ ನಮಗೆ ಯಾವ ಅನುಮಾನವೂ ಬರುವುದಿಲ್ಲ, ‘ಎಸಕಪದ’ವೆಂದು ಓದಿದಾಗ ಕ್ಷಣ ನಿಂತು, ಯಾವುದು ಎಸಕ, ಯಾವುದು ಅಲ್ಲ ಎಂದು ಕೇಳಬೇಕಾಗುತ್ತದೆ. ಆ ನಿಲುಗಡೆಯಲ್ಲಿ ಕೆಲವೊಮ್ಮೆ ಒಂದು ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ.

ಹೊಸ ನೋಟವೇ ಮುಂದೆ ಅಚ್ಚಾಗಿ ಗಟ್ಟಿಯಾಗುವುದೂ ಉಂಟು. 1958ರಲ್ಲಿ ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆಯನ್ನು ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದಾಗ, ಗ್ರಂಥಸ್ಥ ಭಾಷೆಯನ್ನು ಬಿಟ್ಟು ಬಾಯಿಮಾತನ್ನೇ ವಿವರಣೆಗೆ ಎತ್ತಿಕೊಂಡದ್ದು ದಿಟ್ಟ ಹೆಜ್ಜೆ. 1960ರ ದಶಕದಲ್ಲಿ ಹಾಲಕ್ಕಿ, ನಂಜನಗೂಡು, ಗುಲಬರ್ಗಾ ಕನ್ನಡಗಳ ವಿವರಣೆಗಳು ಒಂದರ ಹಿಂದೊಂದು ಬಂದವು. ಧ್ವನಿಮಾ, ಆಕೃತಿಮಾ, ವಾಕ್ಯ, ಮಾದರಿ ಪಠ್ಯ, ಪದಪಟ್ಟಿ ಎಂಬ ಕ್ರಮ ಅಂದು ಶಿಸ್ತು ತಂದಿತು. ‘ಕವಿರಾಜಮಾರ್ಗ’ಕಾರನು ಒಂಬತ್ತನೆಯ ಶತಮಾನದಲ್ಲೇ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳಿದ್ದನ್ನು, ದೇಶಭೇದದಿಂದ ಅವುಗಳ ದೋಷಗಳನ್ನು ಎಣಿಸುವುದು ವಾಸುಕಿಗೂ ಬೇಸರವೆಂದು ಬಿಟ್ಟಿದ್ದನ್ನು, ಈ ವಿದ್ವಾಂಸರು ಬೇಸರಿಸದೆ ಕೈಗೆತ್ತಿಕೊಂಡರು. ದೋಷವೆಂಬ ಮಾತನ್ನೂ ಬಿಟ್ಟರು. ತಿರುಳ್ಗನ್ನಡದ ನಾಡೆಂದು ಆ ಗ್ರಂಥ ಹೆಸರಿಸಿದ ಕಿಸುವೊಳಲು ಇಂದಿನ ಪಟ್ಟದಕಲ್ಲು, ಕಮತಗಿಯ ನೆರೆ. ಅರ್ಧ ಶತಮಾನದ ಮೇಲೆ ನಾವು ಅದೇ ಕ್ರಮವನ್ನು ಕಣ್ಣುಮುಚ್ಚಿ ಬಳಸಿ ಪದಪಟ್ಟಿ ಒಪ್ಪಿಸಿದೆವು. ತಿರಸ್ಕಾರಕ್ಕೆ ಅದೇ ಕಾರಣ.

ಮತ್ತೆ ಮಗ್ಗದ ಬಳಿಗೆ

ಲೇಖನ ಮರಳಿ ಬಂದ ಮೇಲೆ ನಾವು ಕುಣಿಮಗ್ಗವಿರುವ ಮನೆಗಳಿಗೆ ಇನ್ನೊಮ್ಮೆ ಹೋದೆವು. ಈ ಸಲ ಪ್ರಶ್ನಾವಳಿ ಒಯ್ಯಲಿಲ್ಲ. ಹಾಸು ಎಂದರೇನು, ಹೊಕ್ಕು ಎಂದರೇನು ಎಂದು ಹಿಂದಿನ ಭೇಟಿಯಲ್ಲಿ ಕೇಳಿದ್ದಾಗ ಹಿರಿಯ ನೇಕಾರ ಮಹಿಳೆಯೊಬ್ಬರು ನಕ್ಕು ಹೇಳಿದ್ದ ಮಾತು ಧ್ವನಿಮುದ್ರಿಕೆಯಲ್ಲಿತ್ತು; ನಾವು ಅದನ್ನು ‘ಅಪ್ರಸ್ತುತ’ವೆಂದು ಗುರುತು ಹಾಕಿ ಬಿಟ್ಟಿದ್ದೆವು. “ಹಾಸಿದ್ದು ಹಾಸು, ಒಳಗ ಹೊಕ್ಕಿದ್ದು ಹೊಕ್ಕು. ಇದರಾಗ ಕೇಳೂದೇನೈತ್ರಿ ಸರ?”

ಕೇಳುವುದು ಅಲ್ಲೇ ಇತ್ತು. ಉದ್ದದ ಎಳೆಗಳಿಗೆ ಬಂದ ಹೆಸರು ‘ಹಾಸು’, ಧಾತುವೇ ನಾಮಪದವಾಗಿ ನಿಂತದ್ದು. ನಗು, ಅಳು, ನುಡಿಗಳ ಹಾಗೆ. ಅಡ್ಡ ಎಳೆಗೆ ಬಂದ ಹೆಸರಿನ ರೂಪ ‘ಹೊಗು’ ಎಂಬ ಧಾತುವಿನದಲ್ಲ, ಅದರ ಭೂತರೂಪವಾದ ‘ಹೊಕ್ಕು’ವಿನದು. ಜೋಡಿಯಾಗಿ ಬಳಕೆಯಾಗುವ, ‘ಹಾಸುಹೊಕ್ಕು’ ಎಂದು ಇಡೀ ಕನ್ನಡಕ್ಕೆ ನುಡಿಗಟ್ಟಾಗಿ ಹರಡಿರುವ ಎರಡು ಹೆಸರುಗಳು ಎರಡು ಬೇರೆ ವ್ಯಾಕರಣ ರೂಪಗಳನ್ನು ಏಕೆ ಆರಿಸಿಕೊಂಡವು? ತಮಿಳಿನಲ್ಲಿ ಇವಕ್ಕೆ ಪಾವು, ಊಡು ಎಂಬ ಪದಗಳಿವೆ. ಅಲ್ಲಿಯೂ ಮೊದಲನೆಯದರಲ್ಲಿ ಹರಡುವ, ಎರಡನೆಯದರಲ್ಲಿ ನಡುವೆ ಹಾಯುವ ಅರ್ಥವಿದೆ. ಹೆಸರಿಡುವ ಭಾವ ಎರಡು ಭಾಷೆಗಳಲ್ಲಿ ಒಂದೇ ದಾರಿ ಹಿಡಿದಿರುವಾಗ ಪದರಚನೆ ಬೇರೆ ದಾರಿ ಹಿಡಿದದ್ದು ಯೋಚಿಸತಕ್ಕ ಸಂಗತಿ. ಹಾಸನ್ನು ಮಗ್ಗಕ್ಕೆ ಒಮ್ಮೆ ಏರಿಸಿದರೆ ನೇಯುವಷ್ಟು ಕಾಲವೂ ಅದು ಹಾಗೆಯೇ ಇರುತ್ತದೆ. ಹೊಕ್ಕು ಲಾಳಿಯ ಪ್ರತಿ ಓಟದಲ್ಲೂ ಹೊಗುತ್ತದೆ. ಹೊಕ್ಕ ಮೇಲಷ್ಟೇ ಅದು ಬಟ್ಟೆಯ ಭಾಗ. ಕೆಲಸದ ಈ ಭೇದ ಪದದ ರೂಪಭೇದಕ್ಕೆ ಕಾರಣವೆಂಬುದು ಸದ್ಯಕ್ಕೆ ನಮ್ಮ ಊಹಾಪ್ರಮೇಯ. ಇತರ ಕಸುಬುಗಳ ಪದಗಳಲ್ಲಿ ಇದನ್ನು ಪರೀಕ್ಷಿಸುತ್ತಿದ್ದೇವೆ. ಬಿದ್ದುಹೋಗುವ ಸಾಧ್ಯತೆಯೂ ಇದೆ.

ಇದಕ್ಕೆ ಬಿಡುವು ಹೆಚ್ಚಿಲ್ಲ. ಇಳಕಲ್ ಸೀರೆಯ ಹಳೆಯ ಕ್ರಮದಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸುತ್ತಾರೆ. ಟೋಪ ತೆನಿ ಸೆರಗು ನಿಲ್ಲುವುದು ಆ ಕೊಂಡಿಯ ಮೇಲೆ. ವಿದ್ಯುತ್ ಮಗ್ಗದಲ್ಲಿ ಒಡಲಿಗೂ ಸೆರಗಿಗೂ ಒಂದೇ ಹಾಸು ಹೂಡಿದಾಗ ಕೊಂಡಿಗೆ ಕೆಲಸವಿಲ್ಲ. ಕೆಲಸ ಹೋದಲ್ಲಿ ಪದ ನಿಘಂಟಿನಲ್ಲಿ ಉಳಿಯಬಹುದು. ಆದರೆ ಕೊಂಡಿ ಹಾಕುವಾಗ ಆಡುವ ಮಾತು, ಯಾವ ಕ್ರಿಯಾರೂಪ ಯಾವ ಹೆಸರಿನ ಜೊತೆ ಬರುತ್ತದೆ ಎಂಬ ವಿವರ ಉಳಿಯುವುದಿಲ್ಲ. ನಮ್ಮ ಮೊದಲ ಪಟ್ಟಿಯಲ್ಲಿ ‘ಕೊಂಡಿ’ಯ ಮುಂದೆ ಇದ್ದದ್ದು ‘ನಾಮಪದ, ಗಂಟು’ ಎಂಬ ಎರಡು ಪದ ಮಾತ್ರ.

ಈಗ ನಾವು ಅಕಾರಾದಿಯನ್ನು ಕೈಬಿಟ್ಟು, ಪದಗಳನ್ನು ಕೆಲಸದ ಕ್ರಮದಲ್ಲಿ ಜೋಡಿಸುತ್ತಿದ್ದೇವೆ: ಹಾಸಿನಿಂದ ಆರಂಭವಾಗಿ ಸೆರಗಿನವರೆಗೆ, ಪ್ರತಿ ಪದದೊಡನೆ ಅದು ಬಂದ ವಾಕ್ಯವನ್ನು ಇಟ್ಟು. ಕರಡಿನ ಕನ್ನಡ ಪ್ರತಿಯನ್ನು ಮಗ್ಗದ ಮನೆಯಲ್ಲಿ ಓದಿ ಹೇಳಿದಾಗ ಅದೇ ಹಿರಿಯ ಮಹಿಳೆ ಎರಡು ಕಡೆ ನಮ್ಮನ್ನು ತಡೆದು, ಯಾವುದು ಮೊದಲು, ಯಾವುದು ಆಮೇಲೆ ಎಂದು ಅನುಕ್ರಮವನ್ನು ತಿದ್ದಿದರು.